ಗಂಟಲದ ಜಾತಿ

ಡಂಗುರದ ಮಾತು ಮಾತ್ರ ಖಚಿತ. ಉಳಿದುದರ ಬಗ್ಗೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಎಂಬತ್ತರ ದಶಕದ ನಡುವಿನ ಆ ಕೆಲವು ವಾರಗಳನ್ನು ಅದು ತನಗೆ ಬೇಕಾದಂತೆ ತಿದ್ದಿಕೊಂಡಿದೆ. ಬಿಸಿಲನ್ನು ಸ್ವಲ್ಪ ಹೆಚ್ಚು ಮಾಡಿದೆ, ನನ್ನನ್ನು ಸ್ವಲ್ಪ ಎತ್ತರ ಮಾಡಿದೆ. ಆದರೆ ಹಲಗೆ ಬಾರಿಸುತ್ತ ಬಂದವನು ಶಾಲೆಯ ಮುಂದೆ ನಿಂತು ಕೂಗಿದ್ದನ್ನು ತಿದ್ದಲು ಅದಕ್ಕೂ ಧೈರ್ಯವಾಗಿಲ್ಲ.

“ನಾಳೆ ಮುಂಜಾನಿ ಸಾಲಿಯೊಳಗ ಗಂಟಲದ ಜಾತಿ ತಪಾಸ ಐತಿ! ಹುಬ್ಬಳ್ಳಿ ಡಾಕ್ಟರ್ ಬಂದಾರ! ಸಣ್ಣವ್ರು, ದೊಡ್ಡವ್ರು, ಎಲ್ಲಾರೂ ಬರ್ರೋ!”

ನಮ್ಮ ತಂಡದ ಮುಖ್ಯಸ್ಥರಾದ ಡಾಕ್ಟರು ಹೆಡ್‌ಮಾಸ್ತರರಿಗೆ ಹೇಳಿದ್ದು ಹೀಗೆ: “ಮಕ್ಕಳ ಗಂಟಲಿನಲ್ಲಿರುವ ರೋಗಾಣು ಯಾವ ಜಾತಿಯದು ಅಂತ ತಪಾಸಣೆ ಮಾಡ್ತೀವಿ.” ಡಾಕ್ಟರು ಮೈಸೂರು ಕಡೆಯವರು, ಪಠ್ಯಪುಸ್ತಕದ ಕನ್ನಡ. ಹೆಡ್‌ಮಾಸ್ತರರು ಅದನ್ನು ಡಂಗುರದವನಿಗೆ ದಾಟಿಸುವಾಗ ಅವಸರದಲ್ಲಿದ್ದರು. ಡಂಗುರದವನು ಉದ್ದ ವಾಕ್ಯ ಕೂಗುವವನಲ್ಲ. ಮೂರು ಬಾಯಿ ದಾಟುವಷ್ಟರಲ್ಲಿ ರೋಗಾಣು ಉದುರಿತ್ತು, ಜಾತಿ ಉಳಿದಿತ್ತು. ಆ ಊರಿನಲ್ಲಿ ಯಾವುದು ಉಳಿಯಬೇಕಿತ್ತೋ ಅದೇ ಉಳಿದಿತ್ತು.

ಊರು ಶಲವಡಿಯ ಆಚೆ, ಎರೆಹೊಲಗಳ ನಡುವೆ. ಹೆಸರು ಹೇಳುವುದಿಲ್ಲ. ಹೇಳಿದರೆ ಈಗಿನವರು ಆಗಿನವರ ಪರವಾಗಿ ಜಗಳಕ್ಕೆ ಬರುತ್ತಾರೆ.

ನಾವು ಅಲ್ಲಿಗೆ ಹೋದದ್ದು ಇಬ್ಬರು ಹುಡುಗಿಯರ ಕಾರಣಕ್ಕೆ. ಇಬ್ಬರೂ ಅದೇ ಶಾಲೆಯ ಎರಡನೇ ಇಯತ್ತೆ. ಮೊದಲು ಗಂಟಲು ನೋವು, ಆಮೇಲೆ ಜ್ವರ, ಆಮೇಲೆ ಕೀಲುಗಳಲ್ಲಿ ಬಾವು. ಇವತ್ತು ಮೊಣಕಾಲು, ನಾಡಿದ್ದು ಮಣಿಕಟ್ಟು. ಇಬ್ಬರನ್ನೂ ಹುಬ್ಬಳ್ಳಿಗೆ ತಂದಾಗ ಒಬ್ಬಳ ಎದೆಬಡಿತದ ಜೊತೆಗೆ ಗಾಳಿ ಸೋರಿದಂಥ ಇನ್ನೊಂದು ಸದ್ದು ಕೇಳಿಸಿತು. ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಿತ್ತು. ಆಕೆ ಊರಿನ ಗೌಡರ ಮೊಮ್ಮಗಳು. ಗೌಡರ ಮೊಮ್ಮಗಳಲ್ಲದೆ ಬೇರೆ ಯಾರಾದರೂ ಆಗಿದ್ದರೆ ನಮ್ಮ ಜೀಪು ಅಷ್ಟು ದೂರ ಹೋಗುತ್ತಿತ್ತೇ ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ. ಈಗ ಕೇಳುವುದು ಸುಲಭ.

ಪ್ರಯೋಗಾಲಯದಲ್ಲಿ ಇಬ್ಬರ ಗಂಟಲಿನಿಂದಲೂ ಸರಮಣಿಯಂತೆ ಸಾಲಾಗಿ ಬೆಳೆಯುವ ಅದೇ ಹಳೆಯ ರೋಗಾಣು ಸಿಕ್ಕಿತು: ಸ್ಟ್ರೆಪ್ಟೊಕಾಕಸ್. ಇದರಲ್ಲಿ ಹಲವು ಬಗೆಗಳಿವೆ. ಬಗೆ ತಿಳಿಯುವುದು ಅದರ ಮೈಮೇಲಿನ ಪ್ರೋಟೀನುಗಳಿಂದ. ಒಂದು ಪ್ರೋಟೀನು ಹೊರಗೆ ಕೂದಲಿನಂತೆ ಚಾಚಿಕೊಂಡಿರುತ್ತದೆ. ನಮ್ಮ ರಕ್ತ ಗುರುತು ಹಿಡಿಯುವುದು ಅದನ್ನೇ. ಅದನ್ನು ಬರೆಯುವ ಜೀನಿನಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ನಕಲಾಗುವಾಗ ಒಂದು ತುಣುಕು ಕೂಡಿಕೊಳ್ಳುತ್ತದೆ, ಒಂದು ಬಿಟ್ಟುಹೋಗುತ್ತದೆ, ಒಂದು ಅಕ್ಷರ ತಪ್ಪುತ್ತದೆ. ಮೇಲಂಗಿ ಬದಲಾಗುತ್ತದೆ, ಒಳಗಿನವನು ಅವನೇ. ಈ ಕೂದಲಿನಂಥ ಪ್ರೋಟೀನನ್ನು ಪರೀಕ್ಷಿಸುವ ಸೀರಂ, ಅಂದರೆ ಪ್ರತಿಕಾಯಗಳಿರುವ ರಕ್ತದ ತಿಳಿ, ನಮ್ಮ ಬಳಿ ಇರಲಿಲ್ಲ. ಇದ್ದದ್ದು ಇನ್ನೊಂದು ಪ್ರೋಟೀನನ್ನು ಪರೀಕ್ಷಿಸುವ ಸೀರಂ. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿದರೆ ಮೊದಲನೆಯದು ಕರಗುತ್ತದೆ, ಈ ಎರಡನೆಯದು ಕರಗದೆ ಉಳಿಯುತ್ತದೆ. ಗಾಜಿನ ಪಟ್ಟಿಯ ಮೇಲೆ ರೋಗಾಣುವಿನ ಒಂದು ಹನಿ, ಸೀರಂನ ಒಂದು ಹನಿ. ಹೊಂದಿದರೆ ಹಾಲು ಒಡೆದಂತೆ ಒಡೆಯುತ್ತದೆ. ಇಬ್ಬರು ಹುಡುಗಿಯರದೂ ಹನ್ನೆರಡನೇ ನಂಬರಿನ ಸೀರಂಗೆ ಒಡೆಯಿತು.

ಆ ಹನಿಗಳನ್ನೆಲ್ಲ ಬಾಯಿಂದ ಎಳೆದವನು ನಾನು, ಪ್ರಯೋಗಾಲಯದ ಟೆಕ್ನೀಷಿಯನ್. ಆಗ ಪಿಪೆಟ್ಟೆಂಬ ಗಾಜಿನ ನಳಿಗೆಯಲ್ಲಿ ದ್ರವವನ್ನು ಬಾಯಿಂದಲೇ ಎಳೆಯುತ್ತಿದ್ದೆವು. ತುದಿಯಲ್ಲಿ ಒಂದಿಷ್ಟು ಹತ್ತಿ. ಅದೇ ನಮಗೂ ರೋಗಾಣುವಿಗೂ ನಡುವಿನ ಗೋಡೆ.

ಇನ್ನು ಊರು. ಊರಿಗೆ ಕಾರಣ ಆಗಲೇ ಗೊತ್ತಿತ್ತು. ಎರಡನೇ ಇಯತ್ತೆಗೆ ಕಲಿಸುತ್ತಿದ್ದ ಅಕ್ಕೋರು ಅಣ್ಣಿಗೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮನೆಯಲ್ಲಿ ಬುದ್ಧನ ಪಟ. ಊರಿನ ಲೆಕ್ಕದಲ್ಲಿ ಮಾತ್ರ ಅವರು ಕೆಳಗಿನ ಕೇರಿಯವರು. ಅಕ್ಷರ ಕಲಿಸುವುದರಲ್ಲಿ ಅವರದೊಂದು ರೀತಿ ಇತ್ತು. ‘ಳ’ ಮತ್ತು ‘ಣ’ ಬಾರದ ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಂಡು, ತಮ್ಮ ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಎಲ್ಲಿ ಮಡಚುತ್ತದೆ ನೋಡು ಎಂದು ತೋರಿಸುತ್ತಿದ್ದರು. ಆಮೇಲೆ ಮಗುವಿನ ಬಾಯಿ ತೆರೆಸಿ ನೋಡುತ್ತಿದ್ದರು. ಊರು ಇದಕ್ಕೆ ಒಂದು ಹೆಸರು ಕೊಟ್ಟಿತ್ತು.

“ಬಾಯಾಗ ಬಾಯಿ ಹಾಕಿ ಕಲಸ್ತಾಳ್ರಿ ಆಕಿ,” ಎಂದರು ಗೌಡರು ನಮ್ಮೆದುರು. “ಜಡ್ಡು ಬರಲಾರ್ದ ಏನ್ ಬರ್ತದ?”

ನನ್ನ ಮನೆತನದ ಅಡ್ಡಹೆಸರು ಕೇಳಿ ಅವರು ನನಗೆ ಕುರ್ಚಿ ಹಾಕಿಸಿದ್ದರು. ಜೀಪಿನ ಡ್ರೈವರನ ಅಡ್ಡಹೆಸರು ಕೇಳಿ ಅವನನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ನಾನು ಕುರ್ಚಿಯಲ್ಲಿ ಕೂತೆ. ಚಹಾ ಚಲೋ ಇತ್ತು.

ಅಕ್ಕೋರನ್ನು ಆಗಲೇ ತರಗತಿಯಿಂದ ಎಬ್ಬಿಸಿ ವರಾಂಡದಲ್ಲಿ ಕೂರಿಸಿದ್ದರು. ಎರಡನೇ ಇಯತ್ತೆಯ ಮಕ್ಕಳನ್ನು ಮೂರನೆಯವರ ಜೊತೆ ತುಂಬಿದ್ದರು. ಅಕ್ಕೋರನ್ನು ಬೇರೆ ಕಡೆ ಹಾಕಬೇಕೆಂದು ಊರವರ ಅರ್ಜಿ ತಯಾರಿತ್ತು. ಮೇಲಿನ ಅಧಿಕಾರಿ ಹೇಳಿದ್ದರಂತೆ: ಹುಬ್ಬಳ್ಳಿಯ ರಿಪೋರ್ಟು ಬರಲಿ, ಅದರಲ್ಲಿ ಆಕೆಯ ಗಂಟಲಲ್ಲಿ ರೋಗ ಇದೆ ಎಂದಿದ್ದರೆ ಎತ್ತಿಬಿಡೋಣ. ಹೀಗೆ ನಮ್ಮ ಕೆಲಸ ಏನೆಂದು ನಮಗಿಂತ ಮೊದಲು ಊರು ನಿರ್ಧರಿಸಿತ್ತು.

ಮರುದಿನ ಬೆಳಿಗ್ಗೆ ಮೇಲಿನ ಓಣಿಗಳೆಲ್ಲ ಬಂದವು. ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ ತಂದಿದ್ದರು, ಫೋಟೊ ತೆಗೆಸುವವರ ಹಾಗೆ. ತಮ್ಮ ಗಂಟಲು ಶುದ್ಧ ಎಂದು ಬರೆಸಿಕೊಳ್ಳಲು ಬಂದಿದ್ದರು. ನಾನು ನಾಲಿಗೆ ಒತ್ತಿ, ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲಿನ ಹಿಂಭಾಗ ಒರೆಸಿ, ಆ ಹತ್ತಿಯನ್ನು ಫಿಲ್ಟರ್ ಕಾಗದದ ಪಟ್ಟಿಗೆ ತಿಕ್ಕಿ, ಪಟ್ಟಿಯನ್ನು ತಗಡಿನ ಕಾಗದದಲ್ಲಿ ಮಡಚಿ, ಸಿಲಿಕಾ ಹರಳುಗಳಿದ್ದ ಡಬ್ಬಿಗೆ ಹಾಕುತ್ತಿದ್ದೆ. ಹರಳು ಒಣಗಿದ್ದರೆ ನೀಲಿ, ತೇವ ಹೀರಿದರೆ ಗುಲಾಬಿ. ಒಣಗಿದ್ದರೆ ಮಾತ್ರ ರೋಗಾಣು ಹುಬ್ಬಳ್ಳಿಯವರೆಗೆ ಜೀವ ಹಿಡಿದುಕೊಂಡಿರುತ್ತದೆ.

ಕೆಳಗಿನ ಕೇರಿಯಿಂದ ಒಬ್ಬರೂ ಬರಲಿಲ್ಲ.

ಡಾಕ್ಟರು ಅಕ್ಕೋರ ಬಳಿ ಹೋದರು. ನಾನೂ ಹೋದೆ. ವರಾಂಡದ ಕಂಬಕ್ಕೆ ಒರಗಿ ಕೂತಿದ್ದವರು ಎದ್ದು ನಿಂತರು, ಆದರೆ ಗೌರವಕ್ಕಲ್ಲ.

“ನಿಮ್ಮ ಕೇರಿಯ ಮಕ್ಕಳನ್ನು ಕರೆಸಬೇಕಲ್ಲ ನೀವು,” ಎಂದರು ಡಾಕ್ಟರು.

“ನಮ್ಮ ಕೇರಿ ಅಣ್ಣಿಗೇರ್ಯಾಗ ಐತ್ರಿ. ಇದು ಈ ಊರಿನ ಕೇರಿ.”

“ಅದೇ. ಅವರು ಯಾಕೆ ಬರ್ತಿಲ್ಲ?”

“ಡಂಗುರ ಕೇಳ್ಯಾರಲ್ರಿ. ಅವ್ರ ಜಾತಿ ಅವರಿಗೆ ಗೊತ್ತೈತಿ, ಊರಿಗೂ ಗೊತ್ತೈತಿ. ಗಂಟಲದಾಗ ಕಡ್ಡಿ ಹಾಕಿ ಹುಡುಕೂದು ಏನೈತಿ?”

“ಅಯ್ಯೋ, ಅದು ರೋಗಾಣುವಿನ ಜಾತಿ ಕಣ್ರೀ.”

“ಹಂಗಂತ ಇನ್ನೊಂದು ಡಂಗುರ ಹೊಡಸ್ರಿ.”

ಡಾಕ್ಟರಿಗೆ ಸಿಟ್ಟು ಬಂತು. “ನಿಮ್ಮ ಗಂಟಲನ್ನಾದರೂ ಕೊಡ್ತೀರೋ ಇಲ್ಲವೋ?”

“ಕೊಡ್ತೀನ್ರಿ. ಮೊದಲ ನಿಮ್ಮದು ಕೊಡ್ರಿ. ಊರ ಮುಂದ. ಆಮ್ಯಾಲ ನಂದು, ಆಮ್ಯಾಲ ಆ ಹುಡುಗುರದು. ನಾ ಕರ್ಕೊಂಡ್ ಬರ್ತೀನಿ.”

“ನಮ್ಮದು ಯಾಕೆ?”

“ನಮ್ಮದು ಯಾಕ?”

ಡಾಕ್ಟರು ಬೆನ್ನು ತಿರುಗಿಸಿ ಜೀಪಿನ ಕಡೆ ನಡೆದರು. ನಾನು ಬಾಯಿ ತೆರೆದೆ. ಧೈರ್ಯದಿಂದ ಎಂದು ನೆನಪು ಹೇಳುತ್ತದೆ. ಬಿಸಿಲು ಏರುತ್ತಿತ್ತು, ಡಬ್ಬಿಯ ಹರಳು ಗುಲಾಬಿಯಾಗುತ್ತಿದ್ದವು, ಬೇಗ ಮುಗಿಸಿ ಹೊರಡಬೇಕಿತ್ತು ಎಂದು ನಾನು ಹೇಳುತ್ತೇನೆ. ಎರಡರಲ್ಲಿ ಯಾವುದು ನಿಜವೋ, ಅಂತೂ ಕಡ್ಡಿಯನ್ನು ಅಕ್ಕೋರ ಕೈಗೆ ಕೊಟ್ಟೆ.

“ಆಂ ಅನ್ರಿ,” ಎಂದರು. ಮಗುವಿಗೆ ಹೇಳುವ ದನಿಯಲ್ಲ. ಕಡ್ಡಿ ಬೇಕಾದದ್ದಕ್ಕಿಂತ ಆಳಕ್ಕೆ ಹೋಯಿತು. ನಾನು ವಾಂತಿ ಬಂದವನಂತೆ ಬಗ್ಗಿದೆ. ಶಾಲೆಯ ಕಟ್ಟೆಯ ಮೇಲಿನ ಜನ ಘೊಳ್ಳನೆ ನಕ್ಕರು.

“ಸಾಹೇಬ್ರ ಜಾತಿ ಹೊರಗ ಬಂತ ನೋಡ್ರೋ!” ಎಂದ ಡಂಗುರದವನು.

ಆಮೇಲೆ ಡ್ರೈವರ್ ಕೊಟ್ಟ. ಅಕ್ಕೋರು ಕೊಟ್ಟರು. ಕೆಳಗಿನ ಕೇರಿಗೆ ಹೋಗಿ ಮಕ್ಕಳನ್ನು ಸಾಲಾಗಿ ಕರೆತಂದರು. ಆ ಮಕ್ಕಳು ಬಂದದ್ದು ನೋಡಿ ಮೇಲಿನ ಓಣಿಯ ತಾಯಂದಿರು ತಮ್ಮ ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. ಡಾಕ್ಟರು ತಮ್ಮ ಗಂಟಲು ಕೊಡಲೇ ಇಲ್ಲ.

ಹುಬ್ಬಳ್ಳಿಯಲ್ಲಿ ಕೆಲಸ ಶುರುವಾಯಿತು. ಆಮೇಲಿನ ದಿನಗಳು ನನ್ನ ತಲೆಯಲ್ಲಿ ದಿನಗಳಾಗಿ ಉಳಿದಿಲ್ಲ, ವಾಸನೆಗಳಾಗಿ ಉಳಿದಿವೆ. ಕುರಿಯ ರಕ್ತವನ್ನು ಗಾಜಿನ ಮಣಿಗಳ ಜೊತೆ ಕುಲುಕಿ ಹೆಪ್ಪುಗಟ್ಟದಂತೆ ಮಾಡಿ, ರೋಗಾಣು ಬೆಳೆಯುವ ಅಗರ್ ಲೋಳೆಗೆ ಬೆರೆಸುವ ವಾಸನೆ. ಆ ಕೆಂಪು ತಟ್ಟೆಗಳ ಮೇಲೆ ಪಟ್ಟಿಯನ್ನು ಎಳೆದು ಇಟ್ಟರೆ ಮರುದಿನ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಸುತ್ತ ರಕ್ತ ಕರಗಿ ತಿಳಿಯಾದ ಉಂಗುರ. ತಟ್ಟೆಯನ್ನು ಕಿಟಕಿಗೆ ಹಿಡಿದರೆ ಆಚೆಯ ಬೀದಿ ಆ ಉಂಗುರದೊಳಗೆ ಕಾಣುತ್ತಿತ್ತು.

ಉಂಗುರಗಳು ಎಲ್ಲ ಓಣಿಗಳಿಂದಲೂ ಬಂದವು. ಆರೋಗ್ಯವಾಗಿದ್ದ ಮಕ್ಕಳಿಂದ, ಎಣ್ಣೆ ಹಚ್ಚಿ ತಲೆ ಬಾಚಿದ್ದ ಮಕ್ಕಳಿಂದ. ಇದು ಅಚ್ಚರಿಯಲ್ಲ, ಶಾಲೆಯೆಂದರೆ ಹಾಗೆಯೇ. ಅಕ್ಕೋರ ತಟ್ಟೆಯಲ್ಲೂ ಬಂತು. ನನ್ನ ತಟ್ಟೆಯಲ್ಲೂ.

ನನ್ನ ತಟ್ಟೆಯನ್ನು ನಾನು ಬಹಳ ಹೊತ್ತು ಕಿಟಕಿಗೆ ಹಿಡಿದಿದ್ದೆ. ನನಗೆ ಕೆಮ್ಮಿಲ್ಲ, ಜ್ವರವಿಲ್ಲ. ಗಂಟಲಲ್ಲಿ ಅದು ಬಾಡಿಗೆ ಇಲ್ಲದೆ ಕೂತಿತ್ತು.

ಇನ್ನು ಬಗೆ ಹಚ್ಚುವುದು. ಅದಕ್ಕೆ ರೋಗಾಣುವನ್ನು ಮೂವತ್ತು ಡಿಗ್ರಿಯಲ್ಲಿ ಬೆಳೆಸಬೇಕು. ಹೆಚ್ಚು ಬಿಸಿಯಲ್ಲಿ ಬೆಳೆದರೆ ಅದು ತಾನೇ ತಾನಾಗಿ ಗಂಟುಗಟ್ಟುತ್ತದೆ. ಸೀರಂ ಬೇಡ, ಬರೀ ಉಪ್ಪುನೀರು ಸಾಕು. ಶಿವರಾತ್ರಿ ಕಳೆದಿತ್ತು. ರೋಗಾಣು ಬೆಳೆಸುವ ನಮ್ಮ ಪೆಟ್ಟಿಗೆಗೆ ಬಿಸಿ ಮಾಡುವುದು ಗೊತ್ತಿತ್ತು, ತಂಪು ಮಾಡುವುದು ಗೊತ್ತಿರಲಿಲ್ಲ. ಮೊದಲ ಸುತ್ತಿನಲ್ಲಿ ಬಹುಪಾಲು ಎಲ್ಲವೂ ಎಲ್ಲ ಸೀರಂಗಳಿಗೂ ಒಡೆದವು, ಉಪ್ಪುನೀರಿಗೂ ಒಡೆದವು. ಅಂದರೆ ಎಲ್ಲರೂ ಎಲ್ಲ ಜಾತಿ. ಅಂದರೆ ಏನೂ ಇಲ್ಲ. ಎರಡನೇ ಸುತ್ತೂ ಹಾಗೆಯೇ. ದೂರದಿಂದ ತರಿಸಿದ ಸೀರಂ ಸಣ್ಣ ಸಣ್ಣ ಸೀಸೆಗಳಲ್ಲಿ ತಳ ಕಾಣುತ್ತಿತ್ತು.

ಆ ಹೊತ್ತಿಗೆ ಗೌಡರ ಕಡೆಯವನೊಬ್ಬ ಸಂತೆಗೆ ಬಂದಾಗಲೆಲ್ಲ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಲ್ಲತೊಡಗಿದ್ದ. ಒಳಗೆ ಬರುತ್ತಿರಲಿಲ್ಲ, ಹೊಸ್ತಿಲಲ್ಲಿ ನಿಂತು ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದ.

“ರಿಪೋಟ್ ಆತೇನ್ರಿ?”

“ಇಲ್ಲ.”

“ಹೌದು ಅಂತ ಬರಿಲಿಕ್ಕೆ ಎಷ್ಟ್ ದಿನ ಬೇಕ್ರಿ? ಊರಾಗ ಎಲ್ಲಾರಿಗೂ ಗೊತ್ತೈತಿ.”

“ಗೊತ್ತಿದ್ದರೆ ನನ್ನ ಹತ್ತಿರ ಯಾಕೆ ಬಂದಿ?”

“ಸಿಕ್ಕಾ ನಿಮ್ ಕಡೆ ಐತಲ್ರಿ.”

ಸಿಕ್ಕಾ ಎಂದರೆ ರಬ್ಬರ್ ಮೊಹರು. ಅವನು ತಪ್ಪು ಹೇಳಿರಲಿಲ್ಲ.

ಕೊನೆಗೆ ಅಗಲ ಬಾಯಿಯ ಮಣ್ಣಿನ ಹರವಿಯಲ್ಲಿ ಒದ್ದೆ ಮರಳು ತುಂಬಿ, ಕಿಟಕಿಯ ಗಾಳಿಗೆ ಇಟ್ಟು, ಕೊಳವೆಗಳನ್ನು ಅದರಲ್ಲಿ ಹೂತೆ. ಮರಳಿಗೆ ಥರ್ಮಾಮೀಟರ್ ಚುಚ್ಚಿ, ಪಾದರಸ ಏರಿದಾಗಲೆಲ್ಲ ನೀರು ಚಿಮುಕಿಸಿದೆ. ಡಾಕ್ಟರು ಬಂದು ನೋಡಿ, “ಏನ್ರೀ ಇದು, ಪ್ರಯೋಗಾಲಯವೋ ಮಜ್ಜಿಗೆ ಅಂಗಡಿಯೋ?” ಎಂದರು. ಆದರೆ ಹರವಿಯಲ್ಲಿ ಬೆಳೆದದ್ದು ನುಣುಪಾಗಿ ಬೆಳೆಯಿತು. ಉಪ್ಪುನೀರಿನಲ್ಲಿ ಹಾಲಿನಂತೆ ಸುಮ್ಮನೆ ನಿಂತಿತು. ಈಗ ಸೀರಂ ಕೇಳಬಹುದಿತ್ತು.

ಕೇಳಿದೆ. ಹನ್ನೆರಡನೇ ಬಗೆ ಮೇಲಿನ ಓಣಿಯ ಕೆಲವು ಮಕ್ಕಳಲ್ಲಿತ್ತು, ಕೆಳಗಿನ ಕೇರಿಯ ಕೆಲವು ಮಕ್ಕಳಲ್ಲೂ ಇತ್ತು. ಎರಡೂ ಕಡೆ ಬೇರೆ ಬಗೆಗಳೂ ಇದ್ದವು. ಒಂದೇ ಮನೆಯ ಅಣ್ಣ ತಂಗಿಯದು ಎರಡು ಬಗೆ. ಓಣಿಗೂ ಬಗೆಗೂ ಸಂಬಂಧವೇ ಇರಲಿಲ್ಲ.

ನನ್ನದು ಹನ್ನೆರಡು. ಗಾಜಿನ ಪಟ್ಟಿಯ ಮೇಲೆ ಕ್ಷಣದಲ್ಲಿ ಒಡೆಯಿತು. ಗೌಡರ ಮೊಮ್ಮಗಳ ರೋಗಾಣುವನ್ನು ವಾರಗಟ್ಟಲೆ ಬಾಯಿಂದ ಎಳೆದಿದ್ದೆನಲ್ಲ. ಹತ್ತಿ ದಾಟಿ ಬಂದು ನೆಲೆಸಿತ್ತು. ಬೇರೆ ದಾರಿಯಿಂದಲೂ ಬಂದಿರಬಹುದು. ಆದರೆ ನನಗೆ ಆ ದಾರಿಯೇ ಸರಿ ಕಾಣುತ್ತದೆ.

ಅಕ್ಕೋರದು ಯಾವ ಸೀರಂಗೂ ಒಡೆಯಲಿಲ್ಲ. ಹನ್ನೆರಡಕ್ಕೂ ಇಲ್ಲ. ಮೂರು ಸಲ ಹೊಸದಾಗಿ ಬೆಳೆಸಿ ನೋಡಿದೆ. ಹಾಲು ಹಾಲಾಗಿಯೇ ನಿಂತಿತು.

ಡಾಕ್ಟರು ರಿಪೋರ್ಟಿನಲ್ಲಿ ಬರೆಯಲು ಹೊರಟದ್ದು ಎರಡು ಮಾತು: ಅಕ್ಕೋರ ಗಂಟಲಲ್ಲಿ ರೋಗಾಣು ಇದೆ, ಅದು ವರ್ಗೀಕರಿಸಲಾಗದ ಬಗೆ.

“ಹೀಗೆ ಬರೆದರೆ ಆಕೆಯನ್ನು ಎತ್ತಿಹಾಕುತ್ತಾರೆ,” ಎಂದೆ. “ಹುಡುಗಿಯರದಕ್ಕಿಂತ ಬೇರೆ ಅಂತ ಬರೆಯಿರಿ.”

“ಬೇರೆ ಅಂತ ಹೇಗೆ ಹೇಳ್ತೀರಿ?”

“ಹನ್ನೆರಡಕ್ಕೆ ಒಡೆಯಲಿಲ್ಲ.”

“ಒಂದು ಪ್ರೋಟೀನು ಕಾಣಲಿಲ್ಲ ಅಷ್ಟೆ. ಹುಡುಗಿಯರದೇ ರೋಗಾಣು ಆಕೆಯ ಗಂಟಲಿಗೆ ಹೋಗಿ ಮೇಲಂಗಿ ಕಳಚಿ ಕೂತಿರಬಾರದೇ? ಅಥವಾ ಆಕೆಯಿಂದ ಹುಡುಗಿಯರಿಗೆ ಹೋದ ಮೇಲೆ ಬದಲಾಗಿರಬಾರದೇ? ಈ ಪ್ರೋಟೀನುಗಳು ಬದಲಾಗುವುದು ನಿಮಗೂ ಗೊತ್ತು.”

“ಹಾಗಾದರೆ ಯಾರನ್ನೂ ‘ಅಲ್ಲ’ ಎನ್ನಲು ಆಗುವುದಿಲ್ಲ.”

“ಆಗಲ್ಲ.”

“ಆ ಊರಲ್ಲಿ ‘ಅಲ್ಲ’ ಎನ್ನದಿದ್ದರೆ ‘ಹೌದು’ ಅಂತಲೇ ಅರ್ಥ.”

“ಅದು ಊರಿನ ತಾಪತ್ರಯ, ನನ್ನದಲ್ಲ. ಇನ್ನೊಂದು ವಿಷಯ. ನಿಮ್ಮ ಗಂಟಲನ್ನು ಎಲ್ಲೂ ಎತ್ತಬೇಡಿ. ನಾವು ಸರ್ವೇ ಮಾಡುವವರು, ಸರ್ವೇಗೆ ಒಳಗಾದವರಲ್ಲ.”

ಅವರನ್ನು ದುಷ್ಟರನ್ನಾಗಿ ಬರೆದರೆ ಈ ಕಥನ ಸಲೀಸಾಗುತ್ತದೆ. ಆದರೆ ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ನನ್ನ ಸಿಟ್ಟಿಗೆ ಅದೇ ಕಾರಣ.

ರಿಪೋರ್ಟನ್ನು ಬಾಯಿಮಾತಿನಲ್ಲಿ ಹೇಳಿ, ರೋಗಾಣು ಇದ್ದವರಿಗೆಲ್ಲ ಪೆನಿಸಿಲಿನ್ ಸೂಜಿ ಹಾಕಿ ಬರಬೇಕೆಂದು ತೀರ್ಮಾನವಾಯಿತು. ಬರಹ ಆಮೇಲೆ ಹೋಗುವುದು. ಶಾಲೆಯ ಅಂಗಳದಲ್ಲಿ ಗೌಡರು ಕುರ್ಚಿಯಲ್ಲಿ, ಊರು ನೆಲದ ಮೇಲೆ, ಕೆಳಗಿನ ಕೇರಿಯವರು ಪಾಗಾರದ ಗೋಡೆಯ ಆಚೆ ನಿಂತು. ಅಕ್ಕೋರು ವರಾಂಡದಲ್ಲಿ ಅದೇ ಕಂಬದ ಬಳಿ. ಅವರ ಪಕ್ಕದಲ್ಲಿ ಅವರದೇ ಆದ ಒಂದು ಸಣ್ಣ ನೀರಿನ ಕೊಡ. ಶಾಲೆಯ ಕೊಡ ಒಳಗಿತ್ತು.

ಡಾಕ್ಟರು ಶುರುಮಾಡಿದರು. ರೋಗಾಣು ಎಲ್ಲ ಓಣಿಗಳಲ್ಲೂ ಇದೆ, ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ, ಹಲವು ಪ್ರಕಾರಗಳಿವೆ ಎಂದರು. ಜಾತಿ ಎಂಬ ಪದವನ್ನು ಈ ಸಲ ಸುತ್ತಿ ಬಳಸಿ ದಾಟಿದರು. ಗೌಡರು ಕೈ ಎತ್ತಿದರು.

“ಅದೆಲ್ಲಾ ಬಾಜೂಕ ಇಡ್ರಿ. ನಮ್ಮ ಹುಡುಗೀದು ಯಾವ ಜಾತಿ? ಆ ಸಾಲಿ ಬಾಯೀದು ಯಾವ ಜಾತಿ? ಎರಡು ಮಾತಿನ್ಯಾಗ ಹೇಳ್ರಿ.”

“ಗೌಡರೇ, ಅದನ್ನು ಹಾಗೆ ಹೇಳೋಕಾಗಲ್ಲ. ಆಕೆಯಲ್ಲಿರೋದು ವರ್ಗೀಕರಿಸಲಾಗದ...”

“ಐತಿ ಅಂದಂಗಾತು,” ಎಂದರು ಗೌಡರು ಊರಿನ ಕಡೆ ತಿರುಗಿ. “ಕೇಳಿದ್ರಿಲ್ಲೋ? ಐತಿ.”

ಊರು ಗುಜುಗುಜು ಎಂದಿತು. ಯಾರೋ ಒಬ್ಬಳು “ನಾ ಅಂದಿದ್ದೆ, ನಾ ಅವತ್ತ ಅಂದಿದ್ದೆ” ಎನ್ನುತ್ತಿದ್ದಳು. ಹೆಡ್‌ಮಾಸ್ತರರು ಅರ್ಜಿಯನ್ನು ಕಿಸೆಯಿಂದ ಅರ್ಧ ಹೊರಗೆ ತೆಗೆದರು. ಅಕ್ಕೋರು ಯಾರ ಕಡೆಯೂ ನೋಡುತ್ತಿರಲಿಲ್ಲ. ಬಗ್ಗಿ ಕೊಡದ ಮುಚ್ಚಳ ಸರಿ ಮಾಡುತ್ತಿದ್ದರು, ಈಗಲೇ ಎತ್ತಿಕೊಂಡು ಹೊರಡುವವರ ಹಾಗೆ.

ಆ ಮುಚ್ಚಳ ನನ್ನನ್ನು ಎಬ್ಬಿಸಿತೋ, ಕುರ್ಚಿಯೋ, ಡಾಕ್ಟರ ಬೆನ್ನೋ, ಹೇಳಲಾರೆ. ಎದ್ದು ನಿಂತಿದ್ದೆ. ಬಾಯಿಗೆ ನಮ್ಮ ಕಡೆಯ ಮಾತೇ ಬಂತು.

“ಗೌಡ್ರ, ನಿಮ್ಮ ಮೊಮ್ಮಗಳದು ಹನ್ನೆರಡನೇ ಜಾತಿ.”

“ಹಾಂ. ಹಂಗ ಹೇಳ್ರಿ. ಅದು ಯಾರ್ ಕಡೆ ಐತಿ?”

“ನನ್ನ ಗಂಟಲದಾಗ ಐತಿ.”

ಗುಜುಗುಜು ನಿಂತಿತು. ಡಾಕ್ಟರು ನನ್ನ ಅಂಗಿ ಹಿಡಿದು ಜಗ್ಗಿದರು.

“ನಿಮ್ಮ ಗಂಟಲದಾಗ?”

“ಹೌದ್ರಿ. ಅವತ್ತ ಇಲ್ಲೇ ಎಲ್ಲಾರ ಮುಂದ ತಗದ್ರಲ್ರಿ. ಅದ ಹನ್ನೆರಡು. ಅಗದಿ ಒಂದ ನಮೂನಿ.”

“ಮತ್ತ ಆಕೀದು?”

ಇಲ್ಲಿ ಎರಡು ಮಾತು ಹೇಳಬೇಕಿತ್ತು. ಮೊದಲನೆಯದು ‘ಬ್ಯಾರೆ’. ಎರಡನೆಯದು ‘ಆದರೆ’ ಎಂದು ಶುರುವಾಗುವ, ಟ್ರಿಪ್ಸಿನ್ನು, ತುಣುಕು, ಮೇಲಂಗಿ ಎಲ್ಲವೂ ಬರುವ ಒಂದು ಉದ್ದ ವಾಕ್ಯ. ಆ ಅಂಗಳದಲ್ಲಿ ಉದ್ದ ವಾಕ್ಯಗಳಿಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

“ಬ್ಯಾರೆ,” ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಡಂಗುರದವನಿಗೆ ತಡೆಯಲಾಗಲಿಲ್ಲ. “ಹಂಗಾರ ಗೌಡ್ರ, ಹುಬ್ಬಳ್ಳಿ ಸಾಹೇಬ್ರೂ ನೀವೂ ಒಂದ ಜಾತಿ ಆದ್ರಲ್ರಿ! ಇನ್ನ ಬೀಗತನ ಮಾಡಬಹುದು!”

ಪಾಗಾರದ ಆಚೆ ನಗು ಎದ್ದಿತು. ಅದು ಈಚೆಗೂ ದಾಟಿತು. ಅಂಗಳದಲ್ಲಿ ಕೂತವರಲ್ಲೇ ಕೆಲವರು ಸೆರಗು ಬಾಯಿಗೆ ಒತ್ತಿಕೊಂಡರು. ಗೌಡರ ಮುಖದಲ್ಲಿ ಮಾತ್ರ ಬೇರೆ ಲೆಕ್ಕ ನಡೆಯುತ್ತಿತ್ತು. ಅದು ಮುಗಿದದ್ದೂ ಕಂಡಿತು.

“ಅಂದ್ರ ನೀನ ತಂದೀ ಲೇ! ಆ ಜಡ್ಡು ನಮ್ಮ ಹುಡುಗಿಗೆ ನೀನ ತಂದು ಹಚ್ಚೀ!”

ಹುಡುಗಿಗೆ ಜ್ವರ ಬಂದ ಮೇಲೆ ನಾನು ಆ ಊರು ಕಂಡದ್ದು ಎಂದು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ತಂದವರು ಯಾರೋ ಬೇಕಿತ್ತು, ಸಿಕ್ಕಿದ್ದರು. ಸೂಜಿ ಹಾಕಲು ನಮ್ಮ ಜೊತೆ ಬಂದು ಡಬ್ಬಿ ತೆರೆದಿದ್ದ ನರ್ಸನ್ನು ಒಬ್ಬ ಮುದುಕಿ “ಮುಟ್ಟಬ್ಯಾಡ ಬೇ ನಮ್ಮ ಹುಡುಗುರ್ನ” ಎಂದು ತಳ್ಳಿದಳು. ಡಬ್ಬಿ ಬಿತ್ತು. ಮೊದಲ ಕಲ್ಲು ಜೀಪಿನ ಗಾಜಿಗೆ. ಎರಡನೆಯದು ಇತ್ತೋ ಇಲ್ಲವೋ. ನನ್ನ ನೆನಪಿನಲ್ಲಿ ಅವು ಮಳೆಯಷ್ಟಿವೆ, ಡ್ರೈವರ್ ಒಂದೇ ಎನ್ನುತ್ತಿದ್ದ. ಹೆಡ್‌ಮಾಸ್ತರರು ನಮ್ಮನ್ನು ಎರಡನೇ ಇಯತ್ತೆಯ ಖಾಲಿ ಕೋಣೆಗೆ ದೂಡಿ ಚಿಲಕ ಹಾಕಿದರು.

ಒಳಗೆ ಡಾಕ್ಟರು ನನ್ನ ಕಡೆ ನೋಡದೆ ಹೇಳಿದರು, “ಸುಳ್ಳು ಹೇಳಿದಿರಿ.”

“ಬೇರೆ ಅಂದೆ. ಬೇರೆಯಾಗಿಯೇ ಕಂಡಿತ್ತು.”

“ಅರ್ಧ ಹೇಳಿದಿರಿ.”

“ಇನ್ನರ್ಧ ನೀವು ಹೇಳಿ. ಬಾಗಿಲು ತೆರೆಸಲೇನು?”

ಹೊರಗೆ ಗೌಡರ ದನಿ ಕೇಳುತ್ತಿತ್ತು: “ಅರ್ಜಿ ಇನ್ನ ಆಕಿ ಮ್ಯಾಲ ಅಲ್ರಿ ಮಾಸ್ತರ. ಇವ್ರ ಮ್ಯಾಲ. ಹೊಸಾದು ಬರೀರಿ. ಮೊದಲಿಂದು ಹರೀರಿ.” ಕಾಗದ ಹರಿದ ಸದ್ದು ನಿಜವಾಗಿ ಕೇಳಿತೇ? ಕೇಳಿತು ಎಂದೇ ಇಟ್ಟುಕೊಂಡಿದ್ದೇನೆ. ಆ ಅರ್ಜಿ ಆಮೇಲೆ ನನ್ನನ್ನು ಬೇರೆ ವಿಭಾಗಕ್ಕೆ ಎಸೆಯಿತು. ಅದರ ಕಥೆ ಇಲ್ಲಿ ಬೇಡ.

ಗದ್ದಲ ತಗ್ಗಿದ ಮೇಲೆ ಚಿಲಕ ತೆಗೆದದ್ದು ಅಕ್ಕೋರು. ಹಿಂದೆಯೇ ಹೆಡ್‌ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಬಂದರು.

“ಅಕ್ಕೋರ, ಇವ್ರು ಹೊಂಟ ಮ್ಯಾಲ ನಿಮ್ಮ ಹುಡುಗುರ್ನ ಇಲ್ಲಿ ತಂದು ಕುಂದ್ರಸ್ರಿ. ಅಲ್ಲಿ ಕೈಗೆ ಸಿಗವಲ್ರು,” ಎಂದರು. ಅಷ್ಟೇ. ಎತ್ತಿಹಾಕುವ ಮಾತೂ ಇಲ್ಲ, ತಪ್ಪಾಯಿತು ಎಂಬ ಮಾತೂ ಇಲ್ಲ.

ಅಕ್ಕೋರು ಏನಾದರೂ ಹೇಳಬಹುದೆಂದು ನಾನು ಕಾಯುತ್ತಿದ್ದೆ. ಹೇಳಿದರು.

“ನಂದು ಬ್ಯಾರೆ ಅಂದ್ರಿ ನೀವು.”

“ಹೌದ್ರಿ.”

“ಅದನ್ನ ಹೇಳಾಕ ಹುಬ್ಬಳ್ಳಿಯಿಂದ ಬರಬೇಕಿತ್ತೇನ್ರಿ? ನಾ ಈ ಊರಿಗೆ ಬಂದ ದಿನಾನ ಹೇಳಿದ್ರು. ಕೊಡಾ ಬ್ಯಾರೆ, ಕಪ್ಪು ಬ್ಯಾರೆ, ಕುಂದ್ರೂ ಜಾಗಾ ಬ್ಯಾರೆ. ಈಗ ಗಂಟಲಾನೂ ಬ್ಯಾರೆ. ನೀವು ಸಿಕ್ಕಾ ಒತ್ತಿದ್ರಿ.”

ನಾನು ಕೆಲಸದ ಮಾತಿಗೆ ಹೋದೆ. ಗೌಡರ ಮೊಮ್ಮಗಳಿಗೆ ತಿಂಗಳಿಗೊಮ್ಮೆ ಪೆನಿಸಿಲಿನ್ ಸೂಜಿ ಬೀಳಲೇಬೇಕು, ವರ್ಷಗಟ್ಟಲೆ; ತಪ್ಪಿದರೆ ಮುಂದಿನ ಜ್ವರ ಕವಾಟವನ್ನು ಪೂರ್ತಿ ತಿನ್ನುತ್ತದೆ; ನಮ್ಮ ಕೈಯಿಂದ ಇನ್ನು ಅವರು ಹಾಕಿಸಿಕೊಳ್ಳುವುದಿಲ್ಲ ಎಂದೆ.

“ಅಣ್ಣಿಗೇರ್ಯಾಗ ಹಾಕ್ತಾರೇನ್ರಿ?”

“ದವಾಖಾನ್ಯಾಗ ಹಾಕ್ತಾರ್ರಿ.”

“ಗೌಡ್ರ ಸೊಸಿಗೆ ಹೇಳ್ತೀನಿ. ಆಕಿ ನನ್ನ ಕೂಡ ಮಾತಾಡ್ತಾಳ. ಹಿತ್ತಲದಾಗ.”

ಆ ಹುಡುಗಿಗೆ ಸೂಜಿ ಬಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನನ್ನನ್ನು ಆ ಕಡೆ ಮತ್ತೆ ಕಳಿಸಲಿಲ್ಲ. ಅಕ್ಕೋರ ರೋಗಾಣು ಇದ್ದ ಕೊಳವೆ ಪ್ರಯೋಗಾಲಯ ಜಾಗ ಬದಲಿಸಿದಾಗ ಉಳಿದವುಗಳ ಜೊತೆ ಕುದಿಯುವ ನೀರಿಗೆ ಹೋಯಿತು. ಈಗ ಬಗೆ ಹಚ್ಚಲು ಸೀರಂ ಬೇಡ, ಆ ಜೀನನ್ನೇ ಅಕ್ಷರ ಅಕ್ಷರವಾಗಿ ಓದುತ್ತಾರೆ. ಆದರೆ ಓದಲು ಏನೂ ಉಳಿದಿಲ್ಲ. ನಾನು ಹೇಳಿದ್ದು ನಿಜವೋ ಅಲ್ಲವೋ ಎಂದು ಇನ್ನು ಯಾರೂ ಹೇಳಲಾರರು.

ಅವತ್ತು ಜೀಪು ಹೊರಟಿತು. ಮುಂದಿನ ಗಾಜು ಇರಲಿಲ್ಲ. ಎರಡನೇ ಇಯತ್ತೆಯ ಮಕ್ಕಳು ವರಾಂಡದಿಂದ ಸಾಲುಗಟ್ಟಿ ಒಳಗೆ ಹೋಗುತ್ತಿದ್ದರು. ಅಕ್ಕೋರು ತಮ್ಮ ಕೊಡವನ್ನು ಎತ್ತಿ ತರಗತಿಯ ಒಳಗೆ ಇಡುತ್ತಿದ್ದರು. ಅವರಿಗಾದರೂ ಆ ಇನ್ನರ್ಧ ತಿಳಿದಿರಲಿ, ಅವರದೇ ಗಂಟಲಲ್ಲವೇ ಎನಿಸಿತು. ಡ್ರೈವರನಿಗೆ ತಡೆ ಎಂದೆ. ಇಳಿದು ವರಾಂಡದ ಬುಡಕ್ಕೆ ಹೋದೆ. ಅವರು ತಿರುಗಿದರು. ನಾನು ಬಾಯಿ ತೆರೆದೆ.

“ಆದರೆ...”

ಅವರು ನನ್ನ ಬಾಯಿಯನ್ನೇ ನೋಡಿದರು. ಅಂಗಳದಲ್ಲಿ ಎರೆಮಣ್ಣಿನ ಕರಿಧೂಳು ಇನ್ನೂ ಕೂತಿರಲಿಲ್ಲ.

“ಬಾಯಿ ಮುಚ್ಚರಿ,” ಎಂದರು. “ಧೂಳ ಐತಿ.”

ಮುಚ್ಚಿದೆ. ಒಳಗೆ ಮಕ್ಕಳು ‘ಳ’ ಎನ್ನತೊಡಗಿದರು.